ಉಪ್ಪು, ನೈಟ್ರೈಟ್, ತಂಪು: ಹದ ಮಾಡಿದ ಮಾಂಸದಲ್ಲಿ ಬ್ಯಾಕ್ಟೀರಿಯಾ ತಡೆಯುವುದು ಹೇಗೆ?

ಹ್ಯಾಮ್, ಬೇಕನ್, ಸಲಾಮಿ ಥರದ, ಉಪ್ಪು ಹಾಕಿ ಹದ ಮಾಡಿದ ಮಾಂಸದ ಪಾಠ ಓದುವಾಗ ಒಂದು ಮಾತು ತಲೆಯಲ್ಲಿರಲಿ. ಇವುಗಳಿಗೆ ಹಾಕುವ ಪ್ರಿಸರ್ವೇಟಿವ್‌ಗಳು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತವೆ, ಇದ್ದವನ್ನೆಲ್ಲ ಕೊಂದುಬಿಡುವುದಿಲ್ಲ. ತಂಪಿನ ಕೆಲಸವೂ ಅಷ್ಟೇ. ಅದಕ್ಕೇ ಎರಡೂ ಜೊತೆಗಿರಬೇಕು.

ಮೊದಲು ಉಪ್ಪು. ಅದರ ಲೆಕ್ಕ ಹಾಕಬೇಕಾದ್ದು ಮಾಂಸದೊಳಗಿನ ನೀರಿನ ಮೇಲೆ. 100 ಗ್ರಾಂ ಮಾಂಸದಲ್ಲಿ 72 ಗ್ರಾಂ ನೀರು, 3 ಗ್ರಾಂ ಉಪ್ಪು ಇದೆ ಅಂದುಕೊಳ್ಳಿ. ಎರಡೂ ಸೇರಿ 75. ಅದರಲ್ಲಿ 3 ಅಂದರೆ ಶೇ 4. ಅದೇ ಮಾಂಸ ಒಣಗಿ ನೀರು 40 ಗ್ರಾಂಗೆ ಇಳಿದರೆ? 43ರಲ್ಲಿ 3, ಹತ್ತಿರ ಹತ್ತಿರ ಶೇ 7. ಒಂದು ಚಿಟಿಕೆ ಉಪ್ಪೂ ಜಾಸ್ತಿ ಹಾಕಿಲ್ಲ, ಆದರೂ ಬ್ಯಾಕ್ಟೀರಿಯಾಗೆ ಸಿಗುವ ನೀರು ಎಷ್ಟೋ ಕಡಿಮೆಯಾಯಿತು. ಪರೀಕ್ಷೆಗೆ ಓದುವವರು ಈ ಲೆಕ್ಕವನ್ನು ಕೈಯಾರೆ ಮಾಡಿ ನೋಡಿ.

ನೈಟ್ರೈಟ್ ಅಂದರೆ ಮಾಂಸ ಹದ ಮಾಡಲು ಹಾಕುವ ಒಂದು ಲವಣ. ಅದು ಮುಖ್ಯವಾಗಿ ಬೇಕಾಗುವುದು ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾ ತಡೆಯಲು. ಇದರ ಸ್ಪೋರ್‌ಗಳು (ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪ) ಸಾಮಾನ್ಯ ಬೇಯಿಸುವಿಕೆಗೆ ಸಾಯುವುದಿಲ್ಲ. ಗಾಳಿಯಿಲ್ಲದ ಪ್ಯಾಕೆಟ್ ಸಿಕ್ಕರೆ ಬೆಳೆದು ವಿಷ ಬಿಡುತ್ತವೆ. ಶಕ್ತಿ ಪಡೆಯಲು ಈ ಬ್ಯಾಕ್ಟೀರಿಯಾಗೆ ಕಬ್ಬಿಣ-ಗಂಧಕ ಇರುವ ಪ್ರೋಟೀನ್‌ಗಳು ಬೇಕು. ನೈಟ್ರೈಟ್ ಅವುಗಳನ್ನೇ ಕೆಡಿಸುತ್ತದೆ. ಮಾಂಸ ಸ್ವಲ್ಪ ಹುಳಿಯಾಗಿದ್ದರೆ ಇದರ ಬಲ ಹೆಚ್ಚು. ಆದರೆ ಇಟ್ಟಷ್ಟು ದಿನ ನೈಟ್ರೈಟ್ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಂತ ಸುಮ್ನೆ ಜಾಸ್ತಿ ಸುರಿಯುವಂತಿಲ್ಲ: ಅತಿಯಾದರೆ ಅದೇ ವಿಷ, ಹೆಚ್ಚು ಕಾವಿನಲ್ಲಿ ಹುರಿದಾಗ ನೈಟ್ರೋಸಮೈನ್ ಎಂಬ, ಕ್ಯಾನ್ಸರ್ ತರಬಲ್ಲ ರಾಸಾಯನಿಕ ಆಗುವ ಭಯವೂ ಇದೆ. ಬೇಕನ್‌ಗೆ ನೈಟ್ರೈಟ್ ಜೊತೆ ಆಸ್ಕೋರ್ಬೇಟ್ (ವಿಟಮಿನ್ ಸಿಯ ಲವಣ) ಸೇರಿಸುವುದು ಈ ನೈಟ್ರೋಸಮೈನ್ ತಗ್ಗಿಸಲಿಕ್ಕೇ.

ಇನ್ನು ತಂಪು. ಬಾಟ್ಯುಲಿನಂನ ಒಂದು ಗುಂಪು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳೆಯುವುದಿಲ್ಲ, ಇನ್ನೊಂದು 3 ಡಿಗ್ರಿಯಲ್ಲೂ ಬೆಳೆಯುತ್ತದೆ. ಆದರೆ ಈ ಎರಡನೆಯದಕ್ಕೆ ನೀರಿನ ಭಾಗದಲ್ಲಿ ಶೇ 5 ಉಪ್ಪಿದ್ದರೆ ಸಾಕು, ಬೆಳವಣಿಗೆ ನಿಲ್ಲುತ್ತದೆ. ಮೊದಲನೆಯದಕ್ಕೆ ಶೇ 10 ಬೇಕು. ಅಂದರೆ ತಂಪಿಗೆ ಬಗ್ಗದ್ದನ್ನು ಉಪ್ಪು ಹಿಡಿಯುತ್ತದೆ, ಉಪ್ಪಿಗೆ ಬಗ್ಗದ್ದನ್ನು ತಂಪು ಹಿಡಿಯುತ್ತದೆ. ಈ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಉಪ್ಪಿಗೆ ಜಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕೂಡ ಸುಮಾರು 7 ಡಿಗ್ರಿಗಿಂತ ಕೆಳಗೆ ಬೆಳೆಯುವುದಿಲ್ಲ.

ನಿಜವಾದ ತಲೆನೋವು ಲಿಸ್ಟೀರಿಯಾ ಮೊನೊಸೈಟೊಜಿನಸ್ ಎಂಬ ಬ್ಯಾಕ್ಟೀರಿಯಾ. ಫ್ರಿಜ್‌ನ 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ, ಉಪ್ಪನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಬೇಯಿಸಿದಾಗ ಸಾಯುತ್ತದೆ, ಆದರೆ ಆಮೇಲೆ ಸ್ಲೈಸ್ ಮಾಡುವ ಬ್ಲೇಡಿನಿಂದ ಮತ್ತೆ ಅಂಟಿಕೊಳ್ಳಬಹುದು. ಅದಕ್ಕೇ ಸ್ಲೈಸ್ ಮಾಡಿ ಮಾರುವ ಮಾಂಸಕ್ಕೆ ಲ್ಯಾಕ್ಟೇಟ್, ಡೈಅಸಿಟೇಟ್ ಎಂಬ ಪ್ರಿಸರ್ವೇಟಿವ್ ಲವಣಗಳನ್ನೂ ಸೇರಿಸುತ್ತಾರೆ. ಇವುಗಳ ಬಲವೂ ತಂಪಿದ್ದಾಗಲೇ ಜಾಸ್ತಿ. ಫ್ರಿಜ್ 10 ಡಿಗ್ರಿಗೆ ಏರಿದರೆ ಪ್ಯಾಕೆಟ್ ಮೇಲಿನ ದಿನಾಂಕ ನಂಬುವ ಹಾಗಿಲ್ಲ.