ಆಕ್ಸಿಡೇಟಿವ್ ಸ್ಟ್ರೆಸ್: ಊಟದ ಕೆಲಸವನ್ನು ಮಾತ್ರೆ ಮಾಡುತ್ತದೆಯೇ?

ಊಟದಿಂದ ಶಕ್ತಿ ತೆಗೆಯಲು ಜೀವಕೋಶಗಳಿಗೆ ಆಮ್ಲಜನಕ ಬೇಕು. ಆ ಕೆಲಸ ನಡೆಯುವಾಗಲೇ ಸ್ವಲ್ಪ ಆಮ್ಲಜನಕ ಫ್ರೀ ರ‍್ಯಾಡಿಕಲ್ ಆಗುತ್ತದೆ. ಅದರಲ್ಲಿ ಒಂದು ಎಲೆಕ್ಟ್ರಾನ್‌ಗೆ ಜೋಡಿ ಇರುವುದಿಲ್ಲ. ಹಾಗಾಗಿ ಅದು ಪಕ್ಕದ ಕೊಬ್ಬು, ಪ್ರೋಟೀನ್, ಡಿಎನ್‌ಎಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ದೇಹ ಇವನ್ನು ಅಡಗಿಸುವುದಕ್ಕಿಂತ ಇವು ಹುಟ್ಟುವುದೇ ಜಾಸ್ತಿಯಾದರೆ ಅದು ಆಕ್ಸಿಡೇಟಿವ್ ಸ್ಟ್ರೆಸ್. 1985ರಲ್ಲಿ ಈ ಪದಕ್ಕೆ ಸ್ಪಷ್ಟ ಅರ್ಥ ಕೊಟ್ಟವರು ಜರ್ಮನಿಯ ವಿಜ್ಞಾನಿ ಹೆಲ್ಮುಟ್ ಸೀಸ್. ಬೀಡಿ, ಸಿಗರೇಟು, ಹೊಗೆ ತುಂಬಿದ ಗಾಳಿ, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ ಇದನ್ನು ಹೆಚ್ಚಿಸುತ್ತವೆ.

ಹಾಗಂತ ಫ್ರೀ ರ‍್ಯಾಡಿಕಲ್‌ಗಳನ್ನು ಪೂರ್ತಿ ಇಲ್ಲವಾಗಿಸಬೇಕಿಲ್ಲ. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಇವುಗಳನ್ನೂ ಬಳಸುತ್ತವೆ.

ಇವನ್ನು ಹದ್ದುಬಸ್ತಿನಲ್ಲಿಡುವ ದೊಡ್ಡ ಕೆಲಸ ದೇಹದ್ದೇ ಕಿಣ್ವಗಳದ್ದು (ಎನ್‌ಜೈಮ್). ಆದರೆ ಆ ಕಿಣ್ವಗಳಿಗೆ ಸತು, ತಾಮ್ರ, ಮ್ಯಾಂಗನೀಸ್, ಸೆಲೆನಿಯಂ ಬೇಕು. ಕಾಳು, ಎಳ್ಳು, ತೌಡು ತೆಗೆಯದ ಧಾನ್ಯ, ಮೊಟ್ಟೆ, ಮೀನು ಇವನ್ನು ಕೊಡುತ್ತವೆ. ವಿಟಮಿನ್ ಇ ಜೀವಕೋಶದ ಕೊಬ್ಬಿನ ಪೊರೆಯನ್ನು ಕಾಯುತ್ತದೆ. ಕಡಲೆಕಾಯಿ, ಸೂರ್ಯಕಾಂತಿ ಬೀಜದಲ್ಲಿ ಅದು ಚೆನ್ನಾಗಿದೆ. ಹೀಗೆ ಕಾದು ಸವೆದ ವಿಟಮಿನ್ ಇಯನ್ನು ವಿಟಮಿನ್ ಸಿ ಮತ್ತೆ ಸರಿಮಾಡುತ್ತದೆ. ಒಂದಕ್ಕೊಂದು ಬೇಕು, ಅಲ್ವಾ?

ಹಾಗಿದ್ದರೆ ಇಂಥ ಪೋಷಕಾಂಶಗಳ ಮಾತ್ರೆ ನುಂಗಿದರೆ ಸಾಕಲ್ಲವೇ ಎಂದು ವಿಜ್ಞಾನಿಗಳೂ ಯೋಚಿಸಿದ್ದರು. ಫಿನ್‌ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಗಂಡಸರ ಮೇಲೆ ಪ್ರಯೋಗ ನಡೆಯಿತು. ಎಲ್ಲರೂ ಸಿಗರೇಟು ಸೇದುವವರು. 1994ರಲ್ಲಿ ಫಲಿತಾಂಶ ಬಂದಾಗ, ಬೀಟಾ ಕ್ಯಾರೋಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ಅಂಶ) ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿಯಾಗಿರಲಿಲ್ಲ, ಸುಮಾರು ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಇನ್ನೊಂದು ದೊಡ್ಡ ಪ್ರಯೋಗವನ್ನು ಇದೇ ಕಾರಣಕ್ಕೆ 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಅದೇ ಬೀಟಾ ಕ್ಯಾರೋಟಿನ್ ಗಜ್ಜರಿ, ಸೊಪ್ಪು, ಸಿಹಿಗುಂಬಳದ ಮೂಲಕ ಬಂದರೆ ಇಂಥ ಅಪಾಯ ಕಂಡಿಲ್ಲ. ವೈದ್ಯರು ಕೊರತೆ ನೋಡಿ ಕೊಟ್ಟ ಮಾತ್ರೆ ಬೇರೆ ಮಾತು. ಸೇದುವವರು ಮಾತ್ರ ತಾವಾಗಿಯೇ ಇಂಥ ಮಾತ್ರೆ ಕೊಂಡು ನುಂಗುವುದು ಬೇಡವೇ ಬೇಡ.

ದುಬಾರಿ ಹಣ್ಣೇ ಬೇಕೆಂದೇನಿಲ್ಲ. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂ ಆಸುಪಾಸು ವಿಟಮಿನ್ ಸಿ ಇರುತ್ತದೆ, ಕಿತ್ತಳೆಯಲ್ಲಿ ಇರುವುದು 50ರ ಹತ್ತಿರ. ರಾಗಿಯಲ್ಲಿರುವ, ಫ್ರೀ ರ‍್ಯಾಡಿಕಲ್‌ಗಳನ್ನು ಅಡಗಿಸಬಲ್ಲ ಪಾಲಿಫಿನಾಲ್‌ಗಳು ಹೆಚ್ಚಾಗಿ ಅದರ ಸಿಪ್ಪೆಯಲ್ಲೇ ಇವೆ, ಅದಕ್ಕೇ ಹಿಟ್ಟನ್ನು ತೀರಾ ನುಣ್ಣಗೆ ಜರಡಿ ಹಿಡಿಯಬೇಡಿ. ಚಿತ್ರಾನ್ನಕ್ಕೆ ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಬಿಸಿಗೆ ವಿಟಮಿನ್ ಸಿ ಹಾಳಾಗುತ್ತದೆ. ಬೋಂಡ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದನ್ನೂ ಬಿಡಿ. ಅದು ಬಾಣಲೆಯಲ್ಲೇ ಆಕ್ಸಿಡೀಕರಣಗೊಂಡಿರುತ್ತದೆ, ಅಂದರೆ ಆಮ್ಲಜನಕ ಸೇರಿ ಕೆಟ್ಟಿರುತ್ತದೆ.