ಆದಾಯ ಮಿತಿ: ಆ 5 ಲಕ್ಷ ಯಾರ ಲೆಕ್ಕ?

"5 ಲಕ್ಷದ ಒಳಗೆ ಆದಾಯ ಇರುವ ಎಲ್ಲರಿಗೂ ಆರೋಗ್ಯ ಕಾರ್ಡ್, ಬೇಗ ಅಕ್ಷಯಕ್ಕೆ (ಕೇರಳದ ಸರ್ಕಾರಿ ಸೇವಾ ಕೇಂದ್ರ) ಹೋಗಿ." ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈ ಸಾಲು ಮತ್ತೆ ಓಡಾಡುತ್ತಿದೆ. ಕಳಿಸುವ ಮೊದಲು ಯಾರೂ ಓದುವುದಿಲ್ಲ, ಅಲ್ವಾ?

ಆ 5 ಲಕ್ಷಕ್ಕೂ ನಿಮ್ಮ ಆದಾಯಕ್ಕೂ ಸಂಬಂಧವೇ ಇಲ್ಲ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ, ಅಂದರೆ ನಾವು ಕಾಸ್ಪ್ ಎನ್ನುವುದರಲ್ಲಿ, ಒಂದು ಕುಟುಂಬಕ್ಕೆ ಒಂದು ವರ್ಷದಲ್ಲಿ ಸಿಗುವ ಚಿಕಿತ್ಸೆಯ ಗರಿಷ್ಠ ಮೊತ್ತ ಅದು. ಆದಾಯ ಮಿತಿ ಎಂದರೆ ಯಾರು ಒಳಗೆ ಬರಬಹುದು ಎಂದು ಹೇಳುವ ಗೆರೆ. ಒಳಗೆ ಬಂದವರಿಗೆ ಎಷ್ಟು ಸಿಗುತ್ತದೆ ಎನ್ನುವುದು ಬೇರೆ ಮಾತು. ಎರಡೂ ಲಕ್ಷದಲ್ಲೇ ಇರುವುದರಿಂದ ಗೊಂದಲ ಹುಟ್ಟಿತು ಎನ್ನೋಣ. ಆದರೆ ಇಷ್ಟು ವರ್ಷವಾದರೂ ಹೋಗಿಲ್ಲವಲ್ಲ.

ನಮ್ಮೂರಲ್ಲಿ ಗೊಂದಲ ಜಾಸ್ತಿಯಾಗಲು ಇನ್ನೊಂದು ಕಾರಣವಿದೆ. ನಾವಿರುವುದು ಕೇರಳದಲ್ಲಿ, ಓದುವುದು ಮಂಗಳೂರಿನ ಸುದ್ದಿ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಶೇಕಡ, ವರ್ಷಕ್ಕೆ 1.5 ಲಕ್ಷದವರೆಗೆ. ಅಲ್ಲಿ ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯ 1.2 ಲಕ್ಷ ದಾಟಬಾರದು. ಹಾಗಾಗಿ ಅಲ್ಲಿ ಆದಾಯ ಮಿತಿ ರೇಷನ್ ಕಾರ್ಡಿನ ಮೂಲಕ ಆಸ್ಪತ್ರೆಯವರೆಗೂ ಬರುತ್ತದೆ. ಕರ್ನಾಟಕದ ವಿಟ್ಲದಲ್ಲಿರುವ ಭಾವ "ಕಾರ್ಡ್ ತೋರಿಸಿದರೆ ಸಾಕು" ಎಂದರೆ ಅವರ ಮಟ್ಟಿಗೆ ಸರಿ. ಕೇರಳದ ಉಪ್ಪಳದವರು ಅದನ್ನು ನಂಬಿ ಪಿಂಕ್ ಕಾರ್ಡ್ (ಇಲ್ಲಿನ ಆದ್ಯತಾ ಕುಟುಂಬಗಳ ರೇಷನ್ ಕಾರ್ಡ್) ಹಿಡಿದು ಹೊರಟರೆ ಸುಮ್ನೆ ಓಡಾಟ.

ಏಕೆಂದರೆ ಕಾಸ್ಪ್ ನೋಡುವುದು ಪಟ್ಟಿಯನ್ನು. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಅರ್ಹರೆಂದು ಬಂದ ಕುಟುಂಬಗಳು ಅದರಲ್ಲಿವೆ. ಜೊತೆಗೆ ಆರ್‌ಎಸ್‌ಬಿವೈ, ಚಿಸ್ ಎಂಬ ಹಳೆಯ ಆರೋಗ್ಯ ವಿಮೆ ಯೋಜನೆಗಳ ಕಾರ್ಡನ್ನು 2018-19ರಲ್ಲಿ ಚಾಲ್ತಿಯಲ್ಲಿ ಇಟ್ಟುಕೊಂಡಿದ್ದ ಕುಟುಂಬಗಳು. ಪಿಂಕ್ ಕಾರ್ಡಿಗೆ ತಿಂಗಳಿಗೆ 25,000ದ ಮಿತಿ ಇದೆ, ನಿಜ. ಮನೆ 1,000 ಚದರ ಅಡಿ ದಾಟಬಾರದು ಎಂಬಂಥ ನಿಯಮಗಳೂ ಇವೆ. ಅವೆಲ್ಲ ರೇಷನ್ ಅಂಗಡಿಯ ಲೆಕ್ಕ. ಪಿಂಕ್ ಕಾರ್ಡ್ ಇದ್ದ ಮಾತ್ರಕ್ಕೆ ಹೆಸರು ಕಾಸ್ಪ್ ಪಟ್ಟಿಗೆ ಹಾರಿ ಕೂರುವುದಿಲ್ಲ.

ಹಾಗಾದರೆ ಆ ಗಣತಿ ಆದಾಯ ಕೇಳಲೇ ಇಲ್ಲವೇ? ಕೇಳಿತ್ತು. ಮನೆಯ ಒಬ್ಬರಿಗಾದರೂ ತಿಂಗಳಿಗೆ 10,000 ರೂಪಾಯಿಗಿಂತ ಜಾಸ್ತಿ ಬರುತ್ತಿದ್ದರೆ ಆ ಮನೆ ಸಾಮಾನ್ಯವಾಗಿ ಹೊರಗೆ. ಅಂದರೆ ಮಿತಿ ಇತ್ತು, ಆದರೆ ಗೆರೆ ಎಳೆದದ್ದು ಅಂದಿನ ಆದಾಯದ ಮೇಲೆ. ಆಮೇಲೆ ಅಡಿಕೆ ತೋಟಕ್ಕೆ ರೋಗ ಬಂದು ಕೈ ಖಾಲಿಯಾದವರು ಇಂದು ವಿಲೇಜ್ ಆಫೀಸಿನ ವರಮಾನ ಸರ್ಟಿಫಿಕೇಟ್ ಇಟ್ಟರೂ ಆ ಪಟ್ಟಿ ಕದಲುವುದಿಲ್ಲ. ಇದು ನ್ಯಾಯವೇ ಎಂದು ಕೇಳಿದರೆ, ನನ್ನ ಮಟ್ಟಿಗೆ ಅಲ್ಲ. ಬೈಯುವುದಾದರೆ ಇದನ್ನು ಬೈಯಿರಿ, ಇಲ್ಲದ 5 ಲಕ್ಷದ ಮಿತಿಯನ್ನಲ್ಲ.

ಆದಾಯ ಮಿತಿ ಎಂಬ ಮಾತು ನಿಜಕ್ಕೂ ಹೊಂದುವುದು ಕಾರುಣ್ಯ ಬೆನೆವಲೆಂಟ್ ಫಂಡಿಗೆ, ಅಂದರೆ ಕೇರಳದ ಇನ್ನೊಂದು ಚಿಕಿತ್ಸಾ ಸಹಾಯ ನಿಧಿಗೆ. ಕಾಸ್ಪ್‌ನಲ್ಲಿ ಇಲ್ಲದ, ವಾರ್ಷಿಕ ಆದಾಯ 3 ಲಕ್ಷದ ಒಳಗಿರುವ ಕುಟುಂಬಗಳಿಗೆ ಅದು. ಸಿಗುವುದು 2 ಲಕ್ಷದವರೆಗೆ, ಕಿಡ್ನಿ ರೋಗಿಗಳಿಗೆ 3 ಲಕ್ಷ. ಇಲ್ಲಿ ಮಿತಿಯೂ 3, ಸಹಾಯವೂ 3. ಗೊಂದಲ ಮಾಡಿಕೊಳ್ಳುವವರಿಗೆ ಇನ್ನೇನು ಬೇಕು!

ಇನ್ನು "ಅಜ್ಜಿಗೆ ಆದಾಯವೇ ಇಲ್ಲ, ಮತ್ತೇಕೆ ಕೊಡುವುದಿಲ್ಲ?" ಎನ್ನುವವರಿಗೆ: ಈ ಫಂಡಿನಲ್ಲಿ ಲೆಕ್ಕಕ್ಕೆ ಹಿಡಿಯುವುದು ಕುಟುಂಬದ ಆದಾಯ. ಅದೇ ರೇಷನ್ ಕಾರ್ಡಿನಲ್ಲಿರುವ ಮಗನ ಸಂಬಳವೂ ಅದಕ್ಕೆ ಸೇರುತ್ತದೆ.