ಮೀನಿನ ಹೊಂಡಕ್ಕೆ ಪ್ರೋಬಯಾಟಿಕ್: ಸುರಿಯುವ ಮೊದಲು ನೀರು ನೋಡಿ

ಕಳೆದ ವರ್ಷ ಆಷಾಢದಲ್ಲಿ, ತೀರ್ಥಹಳ್ಳಿ ಹತ್ತಿರ ಇರುವ ನಮ್ಮ ಮಾವನ ಹೊಂಡದಲ್ಲಿ ರೋಹು ಮೀನು ಸಾಯೋಕೆ ಶುರುವಾಯಿತು. ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ. ರೆಕ್ಕೆಯ ಬುಡವೆಲ್ಲ ಕೆಂಪು. ಹೊಟ್ಟೆ ಉಬ್ಬಿತ್ತು, ಹುರುಪೆಗಳು ಹಲಸಿನಕಾಯಿ ಮುಳ್ಳಿನ ಹಾಗೆ ಎದ್ದು ನಿಂತಿದ್ದವು. ಮಾವ ಪೇಟೆಯಿಂದ ಟೆಟ್ರಾಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ತಂದು, ಬಿಚ್ಚಿ, ತೌಡಿನಲ್ಲಿ ಕಲಸಿ ಹಾಕಿದರು. ಮೀನು ಸಾಯೋದು ನಿಲ್ಲಲಿಲ್ಲ. ಯಾಕೆ ಅಂತ ಹುಡುಕುತ್ತಾ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಈಗಷ್ಟೇ ಕಲಿಯುತ್ತಿರುವವರಿಗೆ ಉಪಯೋಗಕ್ಕೆ ಬರಲಿ.

ಇಂಥ ಲಕ್ಷಣ ಹೆಚ್ಚಾಗಿ ಏರೋಮೊನಾಸ್ ಹೈಡ್ರೋಫಿಲಾ ಅನ್ನುವ ಬ್ಯಾಕ್ಟೀರಿಯಾದಿಂದ ಬರುತ್ತದೆ. ಅದು ಹೊರಗಿನಿಂದ ಬಂದದ್ದೇ ಆಗಬೇಕಿಲ್ಲ, ಕೆರೆ ಹೊಂಡಗಳ ನೀರಿನಲ್ಲಿ ಯಾವಾಗಲೂ ಇರುತ್ತದೆ. ಮೀನು ಸೊರಗಿದಾಗ ಮೇಲೆ ಬೀಳುತ್ತದೆ, ಅಷ್ಟೇ. ಇನ್ನು ಔಷಧಿ ವಿಷಯ. ಕಾಯಿಲೆ ಬಿದ್ದ ಮೀನು ಮೊದಲು ಬಿಡುವುದೇ ಊಟವನ್ನು. ಹಾಗಾಗಿ ತೌಡಿನಲ್ಲಿ ಕಲಸಿದ ಔಷಧಿ ತಿಂದದ್ದು ಚೆನ್ನಾಗಿದ್ದ ಮೀನುಗಳು. ಅವುಗಳಿಗೂ ಅದು ಸರಿಯಾಗಿ ಹತ್ತುವುದಿಲ್ಲ, ಟೆಟ್ರಾಸೈಕ್ಲಿನ್ ಜಾತಿಯ ಔಷಧಿಗಳು ಕ್ಯಾಲ್ಸಿಯಂ ಜೊತೆ ಅಂಟಿಕೊಂಡು ಮೀನಿನ ಕರುಳಿನಿಂದ ರಕ್ತಕ್ಕೆ ಹೋಗುವುದು ಕಡಿಮೆ. ಉಳಿದದ್ದೆಲ್ಲ ಕೆಸರಿಗೆ ಸೇರುತ್ತದೆ. ಆ ಕೆಸರಿನಲ್ಲಿ ಬದುಕಿ ಉಳಿದ ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗದಂಥವು. ಈ ಗುಣವನ್ನು ಅವು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ಮಳೆ ಬಂದು ಹೊಂಡ ಉಕ್ಕಿದರೆ ಆ ನೀರು ಗದ್ದೆಗೆ, ಹಳ್ಳಕ್ಕೆ, ಕೊನೆಗೆ ತುಂಗೆಗೆ. ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಇದೇ.

ಇಂಥ ಔಷಧಿಯ ಗೋಜಿಗೇ ಹೋಗದೆ ಕಾಯಿಲೆಯನ್ನು ಮುಂಚೆಯೇ ತಡೆಯಲು ಬಳಸುವುದು ಪ್ರೋಬಯಾಟಿಕ್. ಹಾಗಾದರೆ ಪ್ರೋಬಯಾಟಿಕ್ ಅಂದರೆ ಏನು? ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಸೇರಿ 2001ರಲ್ಲಿ ಕೊಟ್ಟ ವಿವರಣೆಯ ತಿರುಳು ಇಷ್ಟು: ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಜೀವಿಗಳು. ಇದರಲ್ಲಿ ಎರಡು ಮಾತಿಗೆ ಗೆರೆ ಎಳೆದುಕೊಳ್ಳಿ: ‘ಸಾಕಷ್ಟು’, ‘ಜೀವಂತ’. ಮೀನು ಸಾಕಣೆಯಲ್ಲಿ ಜಾಸ್ತಿ ಬಳಸುವುದು ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್, ಮೊಸರಿನ ಕುಲದ ಲ್ಯಾಕ್ಟೋಬ್ಯಾಸಿಲಸ್‌ಗಳು, ಮತ್ತು ಬ್ರೆಡ್ಡಿಗೆ ಹಾಕುವ ಯೀಸ್ಟ್.

ಕರುಳಿನಲ್ಲಿ ಇವು ಜಾಗ ಹಿಡಿಯುತ್ತವೆ, ರೋಗದ ಬ್ಯಾಕ್ಟೀರಿಯಾಕ್ಕೆ ಅಂಟಿಕೊಳ್ಳಲು ಜಾಗವೂ ಆಹಾರವೂ ಸಿಗದ ಹಾಗೆ ಮಾಡುತ್ತವೆ. ಕೆಲವು ಅವನ್ನು ಕೊಲ್ಲುವ ವಸ್ತುಗಳನ್ನೂ ಬಿಡುತ್ತವೆ. ಬ್ಯಾಸಿಲಸ್‌ಗಳು ಪ್ರೋಟೀನ್, ಪಿಷ್ಟ ಒಡೆಯುವ ಕಿಣ್ವ ಕೊಡುವುದರಿಂದ ತಿಂದದ್ದು ಮೈಗೆ ಹತ್ತುತ್ತದೆ. ಇಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಒಂದಿದೆ. ಕಾಟ್ಲಾ, ರೋಹು, ಗೆಂಡೆ ಇವಕ್ಕೆಲ್ಲ ಜಠರವೇ ಇಲ್ಲ! ಗಂಟಲಿನಿಂದ ನೇರವಾಗಿ ಕರುಳು. ಅಂದರೆ ನಮ್ಮ ಹೊಟ್ಟೆಯಲ್ಲಿ ಇರುವಂಥ ಆಮ್ಲದ ಅಡ್ಡಿ ಇಲ್ಲಿ ಈ ಬ್ಯಾಕ್ಟೀರಿಯಾಗಳಿಗೆ ಇಲ್ಲ. ಆದರೆ ಕೊಟ್ಟದ್ದು ಅಲ್ಲೇ ಶಾಶ್ವತವಾಗಿ ನೆಲೆಸುತ್ತದೆ ಅಂದುಕೊಳ್ಳಬೇಡಿ, ನಿಲ್ಲಿಸಿದರೆ ಸ್ವಲ್ಪ ದಿನದಲ್ಲೇ ಕಡಿಮೆಯಾಗುತ್ತದೆ.

ಮೇವಿಗೆ ಕಲಸುವಾಗ: ತೌಡು, ಶೇಂಗಾ ಹಿಂಡಿ ಬೇಯಿಸುವುದಿದ್ದರೆ ಪೂರ್ತಿ ಆರಿದ ಮೇಲೆ ಹಾಕಿ. ಬ್ಯಾಸಿಲಸ್ ಬೀಜಕದ ರೂಪದಲ್ಲಿ, ಅಂದರೆ ಗಟ್ಟಿ ಕವಚದೊಳಗೆ ಮಲಗಿದ ಹಾಗೆ, ಇರುತ್ತದೆ, ಬಿಸಿ ತಡೆಯುತ್ತದೆ. ಲ್ಯಾಕ್ಟೋಬ್ಯಾಸಿಲಸ್ ತಡೆಯುವುದಿಲ್ಲ, ಕುದಿಯುವ ಹಾಲಿಗೆ ಹೆಪ್ಪು ಹಾಕಿದ ಹಾಗೆ. ತಣ್ಣಗಿನ ಗಂಜಿಯಲ್ಲಿ ಕದಡಿ, ಮೇವಿಗೆ ಸವರಿ, ನೆರಳಲ್ಲಿ ಆರಿಸಿ, ಅವತ್ತೇ ಹಾಕಿ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಒಂದು ಗ್ರಾಂ ಮೇವಿನಲ್ಲಿ 10 ಲಕ್ಷದಿಂದ 100 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರುವ ಹಾಗೆ ಕೊಡುತ್ತಾರೆ. ಪೊಟ್ಟಣದ ಮೇಲೆ ಸಿಎಫ್‌ಯು ಅಂತ ಬರೆದಿರುವುದು ಈ ಲೆಕ್ಕವನ್ನೇ. ಆ ಅಂಕಿ, ಜಾತಿಯ ಹೆಸರು, ಮುಗಿಯುವ ತಾರೀಕು, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಪೊಟ್ಟಣ ತಗೊಳ್ಳಬೇಡಿ.

ಈಗ ನೀರಿಗೆ ಹಾಕುವ ಪ್ರೋಬಯಾಟಿಕ್. ನಾವು ಮಲೆನಾಡಿನವರು ನಿಧಾನವಾಗಿ ಓದಬೇಕಾದ ಭಾಗ ಇದು. ನೈಟ್ರೋಸೊಮೊನಾಸ್, ನೈಟ್ರೋಬ್ಯಾಕ್ಟರ್ ಅಂತ ಬಾಟಲಿಯಲ್ಲಿ ಬರುತ್ತವಲ್ಲ, ಅವು ಮೀನಿಗೆ ವಿಷವಾದ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಆದರೆ ಸುಮ್ನೆ ಮಾಡುವುದಿಲ್ಲ. 1 ಗ್ರಾಂ ಅಮೋನಿಯಾ ನೈಟ್ರೋಜನ್‌ಗೆ ಸುಮಾರು 7.14 ಗ್ರಾಂ ಅಲ್ಕಲಿನಿಟಿ, ಅಂದರೆ ನೀರಿನಲ್ಲಿ ಕರಗಿರುವ ಸುಣ್ಣದಂಥ ಅಂಶ, ಖರ್ಚಾಗುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ, ಮಳೆನೀರಿನಲ್ಲಿ ಸುಣ್ಣವೇ ಇಲ್ಲ, ಎರಡೂ ಸೇರಿದ ಹೊಂಡದಲ್ಲಿ ಅಲ್ಕಲಿನಿಟಿ ಎಷ್ಟಿರಲು ಸಾಧ್ಯ?

ಲೆಕ್ಕ ಹಾಕಿ ನೋಡೋಣ. 10 ಮೀಟರ್ ಉದ್ದ, 10 ಮೀಟರ್ ಅಗಲ, 1 ಮೀಟರ್ ಆಳದ ಹೊಂಡದಲ್ಲಿ 1 ಲಕ್ಷ ಲೀಟರ್ ನೀರು. ಲೀಟರಿಗೆ 20 ಮಿಲಿಗ್ರಾಂ ಅಲ್ಕಲಿನಿಟಿ ಅಂದರೆ ಇಡೀ ಹೊಂಡಕ್ಕೆ 2 ಕೆಜಿ. ಶೇ. 30 ಪ್ರೋಟೀನ್ ಇರುವ 1 ಕೆಜಿ ಮೇವಿನಲ್ಲಿ 48 ಗ್ರಾಂ ನೈಟ್ರೋಜನ್ ಇರುತ್ತದೆ. ಅದರಲ್ಲಿ ಮುಕ್ಕಾಲು ಪಾಲು, 36 ಗ್ರಾಂ, ಅಮೋನಿಯಾ ಆಗಿ ನೀರಿಗೆ ಸೇರಿತು ಅಂದುಕೊಳ್ಳಿ. ಅಷ್ಟನ್ನೂ ನೈಟ್ರೇಟ್ ಮಾಡಲು 257 ಗ್ರಾಂ ಅಲ್ಕಲಿನಿಟಿ ಬೇಕು. 8 ಕೆಜಿ ಮೇವು ಹಾಕುವಷ್ಟರಲ್ಲಿ 2 ಕೆಜಿಯೂ ಖಾಲಿ! ಪಾಚಿ ಸ್ವಲ್ಪ ಅಮೋನಿಯಾ ತಿನ್ನುತ್ತದೆ, ಹಾಗಾಗಿ ನಿಜದಲ್ಲಿ ಇಷ್ಟು ಬೇಗ ಆಗದು, ಆದರೂ ದಾರಿ ಇದೇ. ಅಲ್ಕಲಿನಿಟಿ ಮುಗಿದಂತೆ ನೀರು ಹುಳಿಯಾಗುತ್ತದೆ. ಮಾವನ ಹೊಂಡಕ್ಕೆ ಪಿಹೆಚ್ ಕಾಗದ (ನೀರಿನ ಹುಳಿ ಅಳೆಯುವ ಕಾಗದ, 7ಕ್ಕಿಂತ ಕಡಿಮೆ ಅಂದರೆ ಹುಳಿ) ಅದ್ದಿದಾಗ ಬಣ್ಣ 6ರ ಹತ್ತಿರ ನಿಂತಿತ್ತು. ಅಂಥ ನೀರಿನಲ್ಲಿ ಈ ಬ್ಯಾಕ್ಟೀರಿಯಾಗಳು ಸರಿಯಾಗಿ ಕೆಲಸವನ್ನೇ ಮಾಡವು. ಆಷಾಢದ ಚಳಿಗೆ ಅಮ್ಮ ಹೆಪ್ಪು ಹಾಕಿದ ಪಾತ್ರೆಯನ್ನು ಒಲೆ ಪಕ್ಕ ಇಡುತ್ತಾರೆ ಅಲ್ವಾ, ಹೆಪ್ಪು ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಬೇಕಾದ್ದು ಸಿಗದಿದ್ದರೆ ಹಾಲು ಹಾಲಾಗೇ ಇರುತ್ತದೆ.

ಹಾಗಾಗಿ ಮೊದಲು ಕೃಷಿ ಸುಣ್ಣ (ಸುಣ್ಣದ ಕಲ್ಲಿನ ಪುಡಿ), ಆಮೇಲೆ ಬ್ಯಾಕ್ಟೀರಿಯಾ. ಎರಡನ್ನೂ ಒಂದೇ ದಿನ ಹಾಕಬೇಡಿ. ಬ್ಲೀಚಿಂಗ್ ಪುಡಿ, ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದ್ದರಂತೂ ಕೆಲವು ದಿನ ಕಾಯಲೇಬೇಕು, ಇಲ್ಲದಿದ್ದರೆ ದುಡ್ಡು ಕೊಟ್ಟು ತಂದದ್ದನ್ನು ನಾವೇ ಕೊಂದ ಹಾಗೆ. ಹಾಕುವುದು ಬಿಸಿಲು ಬಂದ ಮೇಲೆ, ಸಂಜೆ ಬೇಡ, ಏಕೆಂದರೆ ಇವೂ ಆಮ್ಲಜನಕ ಬಳಸುತ್ತವೆ. ತೋಟದ ಕೆಳಗೆ ಹೊಂಡ ಇದ್ದವರು ಇನ್ನೊಂದು ನೋಡಿ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋದಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ಅಲ್ಕಲಿನಿಟಿ ಕಡಿಮೆ ಇರುವ ನೀರಿನಲ್ಲಿ ತಾಮ್ರದ ವಿಷ ಜಾಸ್ತಿ, ಮೀನಿಗೂ ಬ್ಯಾಕ್ಟೀರಿಯಾಕ್ಕೂ. ಔಷಧಿ ಹೊಡೆಯುವ ಮೊದಲೇ ತೋಟದ ನೀರು ಹೊಂಡಕ್ಕೆ ಬಾರದ ಹಾಗೆ ಕಪ್ಪು (ಬಸಿಗಾಲುವೆ) ತಿರುಗಿಸಿ.

ರೋಗ ಬಂದೇ ಬಿಟ್ಟಿದ್ದರೆ ಪ್ರೋಬಯಾಟಿಕ್ ಸುರಿದು ವಾಸಿ ಮಾಡುತ್ತೇನೆ ಅಂತ ಹೊರಡಬೇಡಿ, ಅದು ಮುಂಚಿತವಾಗಿ ಮಾಡುವ ಕೆಲಸ. ಮೇವು ನಿಲ್ಲಿಸಿ, ಸ್ವಲ್ಪ ನೀರು ಬದಲಿಸಿ, ಸತ್ತದ್ದನ್ನು ಸುಣ್ಣ ಹಾಕಿ ಹೂಳಿ. ಆ್ಯಂಟಿಬಯಾಟಿಕ್ ಬೇಕೋ ಬೇಡವೋ, ಬೇಕಿದ್ದರೆ ಯಾವುದು ಅನ್ನುವುದನ್ನು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಬೇಕು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಅಂತೂ ತಿನ್ನುವ ಮೀನಿಗೆ ನಿಷೇಧ. ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಮೊದಲು ಕೇಳಿ, 1969ರಿಂದ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜೂ ಇದೆ. ತೋರಿಸಲು ಒಯ್ಯುವಾಗ ಸತ್ತು ತೇಲಿದ ಮೀನು ಬೇಡ, ಅದರಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳೇ ತುಂಬಿರುತ್ತವೆ. ಒದ್ದಾಡುತ್ತಿರುವ ಎರಡು ಮೂರು ಮೀನು ಹಿಡಿದು, ಬೇರೆ ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಸುತ್ತ ಐಸ್ ಇಟ್ಟು ಅವತ್ತೇ ತಲುಪಿಸಿ. ಜೊತೆಗೆ ಒಂದು ಬಾಟಲಿ ಹೊಂಡದ ನೀರು.